ಕಪ್ಪು-ಬಿಳುಪಿನ ಕೋನನ್: ದಪ್ಪ ಪುಸ್ತಕ, ಸಣ್ಣ ಅಕ್ಷರ, ಭರ್ಜರಿ ಚಿತ್ರ

ಮೊದಲೇ ಹೇಳಿಬಿಡುತ್ತೇನೆ. ಕತ್ತಿ ಹಿಡಿದ ಕಾಡು ವೀರ ಕೋನನ್‌ನ ಹಳೇ ಕಾಮಿಕ್ಸ್ ಕತೆಗಳನ್ನು ಸೇರಿಸಿ ಅಮೆರಿಕದ ಡಾರ್ಕ್ ಹಾರ್ಸ್ ಕಂಪನಿ ತಂದಿದ್ದ ‘ದಿ ಸ್ಯಾವೇಜ್ ಸೋರ್ಡ್ ಆಫ್ ಕೋನನ್’ ಎರಡನೇ ಸಂಪುಟ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹಳೇ ಪ್ರತಿಯಾದರೂ ಸರಿ, ಮೂಲೆ ಮಡಚಿದ್ದರೂ ಸರಿ, ಒಳಗೆ ಪುಟ ಪೂರ್ತಿ ಇದ್ದರೆ ಸಾಕು. ಕತ್ತಿ, ಮಾಂತ್ರಿಕ, ಪಾಳುಬಿದ್ದ ಊರು, ಕತ್ತಲೆಯಲ್ಲಿ ಹರಿದಾಡುವ ಏನೋ ಒಂದು. ಇಂಥ ಕತೆಗಳನ್ನು ಚಿತ್ರಕ್ಕೆ ಇಳಿಸುವುದು ಹೇಗೆ, ಎಲ್ಲಿ ಅದು ಕೈಕೊಡುತ್ತದೆ ಅಂತ ನೋಡಬೇಕಾದರೆ ಇದಕ್ಕಿಂತ ಒಳ್ಳೆ ಪುಸ್ತಕ ನನಗೆ ಸಿಕ್ಕಿಲ್ಲ. ಕೊರತೆಗಳೂ ಸಾಕಷ್ಟಿವೆ, ಅದನ್ನೂ ಬರೆಯುತ್ತೇನೆ.

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಇಂಥ ಕತೆ ಹೊಸದೇನಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಲಯಾಳದ ಬಾಲರಮದ ಪಕ್ಕದಲ್ಲೇ ಕನ್ನಡದ ಬಾಲಮಂಗಳ ತೂಗುತ್ತಿತ್ತು, ಅದರಲ್ಲಿ ಬರುವ ಕಾಮಿಕ್ಸ್ ನಾಯಕ ಡಿಂಗನಿಗಾಗಿ ಕಾಯುತ್ತಿದ್ದೆವು. ಮನೆಯ ಅಟ್ಟದಲ್ಲಿ ಹಳೇ ಚಂದಮಾಮದ ಕಟ್ಟು. ಅದರ ಧಾರಾವಾಹಿಗಳಲ್ಲಿ ಏನಿರುತ್ತಿತ್ತು? ಕಾಡು, ಗುಹೆ, ತಲೆಬುರುಡೆ ಹಿಡಿದ ಮಾಂತ್ರಿಕ, ಕತ್ತಿ ಹಿಡಿದ ಇಬ್ಬರು ಯುವಕರು. ಅಮೆರಿಕದವರು ಇದಕ್ಕೆ ‘ಸೋರ್ಡ್ ಆ್ಯಂಡ್ ಸಾರ್ಸರಿ’ ಅಂತ ಹೆಸರಿಟ್ಟಿದ್ದಾರೆ, ಅಷ್ಟೇ. ಹೆಸರು ಕೊಟ್ಟದ್ದು ಫ್ರಿಟ್ಜ್ ಲೈಬರ್, 1961ರಲ್ಲಿ. ಆದರೆ ಆ ಬಗೆಯ ಕತೆಗೆ ಗಟ್ಟಿ ಬುನಾದಿ ಹಾಕಿದವನು ಅದಕ್ಕೂ ಮೂವತ್ತು ವರ್ಷ ಹಿಂದಿನ ರಾಬರ್ಟ್ ಇ. ಹೋವರ್ಡ್.

ಈ ಹೋವರ್ಡ್ ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಅನ್ನುವ ಸಣ್ಣ ಊರಿನವನು. ಹುಟ್ಟಿದ್ದು 1906ರಲ್ಲಿ, 1936ರಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಬರೇ ಮೂವತ್ತು ವರ್ಷ. ಬರೆದದ್ದು ಅಗ್ಗದ ಕಾಗದದ ಪಲ್ಪ್ ಪತ್ರಿಕೆಗಳಿಗೆ. ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1932ರ ಡಿಸೆಂಬರ್ ಸಂಚಿಕೆಯಲ್ಲಿ ಕೋನನ್‌ನ ಮೊದಲ ಕತೆ ಬಂತು, 1936ರವರೆಗೆ ಒಟ್ಟು 17 ಕತೆಗಳು ಅದೇ ಪತ್ರಿಕೆಯಲ್ಲಿ. ಕೊನೆಯದು ಅಚ್ಚಾಗಿ ಮುಗಿಯುವಾಗ ಬರೆದವನೇ ಇರಲಿಲ್ಲ. ಅವನು ಸಾಯುವಾಗ ಪತ್ರಿಕೆಯಿಂದ ದುಡ್ಡು ಬರುವುದು ಇನ್ನೂ ಬಾಕಿ ಇತ್ತು. ಇವತ್ತು ಅದೇ ಕತೆಗಳ ಮೇಲೆ ಸಿನಿಮಾ, ಆಟ, ಗೊಂಬೆ, ಸಾವಿರಾರು ಪುಟ ಕಾಮಿಕ್ಸ್. ಇರಲಿ.

ನಮ್ಮಲ್ಲಿ ಹೆಚ್ಚಿನವರಿಗೆ ಕೋನನ್ ಅಂದರೆ 1982ರ ಸಿನಿಮಾದ ಅರ್ನಾಲ್ಡ್ ಶ್ವಾರ್ಜನೆಗರ್. ಅದಕ್ಕೆ ಹನ್ನೆರಡು ವರ್ಷ ಮೊದಲೇ ಮಾರ್ವೆಲ್ ಕಂಪನಿ ಕೋನನ್ ಕಾಮಿಕ್ಸ್ ಶುರು ಮಾಡಿತ್ತು, 1970ರಲ್ಲಿ. ಬರವಣಿಗೆ ರಾಯ್ ಥಾಮಸ್. ಚಿತ್ರಕ್ಕೆ ಮೊದಲು ಕೇಳಿಬಂದ ಹೆಸರು ಜಾನ್ ಬುಸೆಮಾ. ಹೋವರ್ಡನ ಕತೆಗಳ ಹಕ್ಕಿಗೂ ದುಡ್ಡು ಕೊಟ್ಟು ಬುಸೆಮಾಗೂ ಕೊಟ್ಟರೆ ಕೈಗೆ ದಕ್ಕುವುದಿಲ್ಲ ಅಂತ ಬ್ಯಾರಿ ಸ್ಮಿತ್ ಅನ್ನುವ ಇಂಗ್ಲೆಂಡಿನ ಹುಡುಗನನ್ನು ಹಿಡಿದರು. ಅವನಿಗೆ ಆಗ 21. ಆರಂಭದ ಸಂಚಿಕೆಗಳಲ್ಲಿ ಅವನ ಕೋನನ್ ತಲೆಗೆ ಕೊಂಬಿನ ಟೊಪ್ಪಿ ಹಾಕಿಕೊಂಡು ತೆಳ್ಳಗೆ ಓಡಾಡುತ್ತಾನೆ. ಬೇಗ ಬೇಗ ಕಲಿತ ಆ ಹುಡುಗ. ಒಂದೆರಡು ವರ್ಷದಲ್ಲಿ ಗೋಡೆಯ ಕೆತ್ತನೆ, ಬಟ್ಟೆಯ ಮಡಿಕೆ, ಬಳ್ಳಿ, ಎಲ್ಲ ಬಿಡಿಸಿ ಬಿಡಿಸಿ ಗುರುತೇ ಸಿಗದಷ್ಟು ಬೇರೆ ಆದ. ಆಮೇಲೆ 1973ರಲ್ಲಿ 25ನೇ ಸಂಚಿಕೆಯಿಂದ ಬುಸೆಮಾನೇ ಬಂದ. ಆ ಬಣ್ಣದ ಕಾಮಿಕ್ಸ್ 275 ಸಂಚಿಕೆ ನಡೆಯಿತು, 1993ರವರೆಗೆ.

ನಾನು ಹೇಳುತ್ತಿರುವ ಪುಸ್ತಕ ಅದಲ್ಲ. ಮಾರ್ವೆಲ್ 1974ರಲ್ಲಿ ಇನ್ನೊಂದು ಶುರು ಮಾಡಿತು. ದೊಡ್ಡ ಅಳತೆಯ, ಕಪ್ಪು-ಬಿಳುಪಿನ ಮ್ಯಾಗಜಿನ್. ಅದೇ ಸ್ಯಾವೇಜ್ ಸೋರ್ಡ್, 1995ರವರೆಗೆ 235 ಸಂಚಿಕೆ. ಯಾಕೆ ಎರಡೆರಡು? ಅಮೆರಿಕದಲ್ಲಿ 1954ರಿಂದ ಕಾಮಿಕ್ಸ್ ಕೋಡ್ ಅಂತ ಒಂದು ಕಟ್ಟುಪಾಡು ಇತ್ತು. ಪ್ರಕಾಶಕರೇ ಸೇರಿ ಮಾಡಿಕೊಂಡದ್ದು. ರಕ್ತ ಹೀಗೆ ತೋರಿಸಬಾರದು, ಹಿಂಸೆ ಕೊಡುವುದನ್ನು ತೋರಿಸಬಾರದು, ಎದ್ದು ನಡೆಯುವ ಹೆಣ ಬೇಡ. ಬಣ್ಣದ ಮಾಮೂಲು ಕಾಮಿಕ್ಸಿನ ಮುಖಪುಟದಲ್ಲಿ ಆ ಮುದ್ರೆ ಇಲ್ಲದಿದ್ದರೆ ಅಂಗಡಿಯವರು ಇಡುತ್ತಿರಲಿಲ್ಲ. ಮ್ಯಾಗಜಿನ್ ಅಳತೆಯ ಕಪ್ಪು-ಬಿಳುಪಿಗೆ ಈ ಕೋಡ್ ಲೆಕ್ಕಕ್ಕಿಲ್ಲ. ಹೋವರ್ಡನ ಕತೆಗಳಲ್ಲಿ ಹೆಣ, ಹಿಂಸೆ, ರಕ್ತ ಬಿಟ್ಟರೆ ಉಳಿಯುವುದೇನು? ಹಾಗಾಗಿ ನಿಜವಾದ ಹೋವರ್ಡ್ ಸಿಕ್ಕಿದ್ದು ಇಲ್ಲಿಯೇ. ಬರೇ ರಕ್ತಕ್ಕಾಗಿ ಅಲ್ಲ, ಜಾಗಕ್ಕಾಗಿ. ಬಣ್ಣದ ಸಂಚಿಕೆಯಲ್ಲಿ ಕತೆಗೆ ಇಪ್ಪತ್ತು ಪುಟದ ಆಸುಪಾಸು. ಇಲ್ಲಿ ಅದರ ಎರಡರಷ್ಟು, ಅದೂ ದೊಡ್ಡ ಪುಟ.

ಈ ಎರಡನೇ ಸಂಪುಟದಲ್ಲಿ 11ರಿಂದ 24ರವರೆಗಿನ ಸಂಚಿಕೆಗಳ ಕೋನನ್ ಕತೆಗಳಿವೆ. ಐನೂರಕ್ಕೂ ಜಾಸ್ತಿ ಪುಟ. ಎಲ್ಲವೂ ಒಂದೇ ತೂಕದ್ದಲ್ಲ. ಕೆಲವು ಹೋವರ್ಡ್ ಬೇರೆ ನಾಯಕರಿಗೆ ಬರೆದ ಕತೆಗಳು, ಥಾಮಸ್ ಹೆಸರು ಬದಲಿಸಿ, ಒಂದು ಭೂತ ಸೇರಿಸಿ ಕೋನನ್ ಕತೆ ಮಾಡಿದ್ದಾನೆ. ಅವನ್ನು ಸುಮ್ನೆ ಓದಿ ದಾಟಬಹುದು. ಇನ್ನು ಕೆಲವು ಹೋವರ್ಡನ ಕೋನನ್ ಕತೆಗಳೇ ಆದರೂ ಅಚ್ಚು ಒಂದೇ: ಕೋನನ್, ಒಬ್ಬಳು ಹುಡುಗಿ, ಪಾಳು ನಗರ, ಒಳಗೊಂದು ದೈತ್ಯ. ಪತ್ರಿಕೆಗೆ ಬೇಕಾದ ಹಾಗೆ ಬರೆದದ್ದು. ತಿಂಗಳಿಗೊಂದರಂತೆ ಓದಿದವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ಒಂದರ ಹಿಂದೆ ಒಂದು ಓದಿದರೆ ಗೊತ್ತಾಗುತ್ತದೆ, ಸ್ವಲ್ಪ ಬೇಜಾರೂ ಬರುತ್ತದೆ. ನನಗೆ ಈ ಸಂಪುಟ ಬೇಕಾದದ್ದು ಎರಡು ಕತೆಗಳಿಗಾಗಿ. ಕೊನೆಯಲ್ಲಿರುವ ‘ದಿ ಟವರ್ ಆಫ್ ದಿ ಎಲಿಫೆಂಟ್’, ಮತ್ತೆ ನಡುವೆ ನಾಲ್ಕು ಸಂಚಿಕೆ ಹರಡಿಕೊಂಡಿರುವ ‘ದಿ ಪೀಪಲ್ ಆಫ್ ದಿ ಬ್ಲ್ಯಾಕ್ ಸರ್ಕಲ್’.

ಆನೆಗೋಪುರದ ಕತೆಯಿಂದ ಶುರು ಮಾಡೋಣ. ಹೋವರ್ಡ್ ಇದನ್ನು 1933ರ ಮಾರ್ಚ್ ಸಂಚಿಕೆಗೆ ಬರೆದ. ಕೋನನ್ ಇನ್ನೂ ಚಿಕ್ಕವನು, ಬೆಟ್ಟದಿಂದ ಇಳಿದು ಬಂದ ಕಾಡು ಹುಡುಗ, ಕಳ್ಳರ ಊರಿಗೆ ಹೊಸಬ. ಯಾರಾ ಅನ್ನುವ ಮಾಂತ್ರಿಕನ ಗೋಪುರದಲ್ಲಿ ಒಂದು ರತ್ನ ಇದೆ ಅಂತ ಹೆಂಡದಂಗಡಿಯಲ್ಲಿ ಕೇಳುತ್ತಾನೆ. ಹಾಗಾದರೆ ಯಾರೂ ಕದ್ದಿಲ್ಲ ಯಾಕೆ ಅಂತ ಕೇಳಿದ್ದಕ್ಕೆ ಎಲ್ಲರೂ ನಗುತ್ತಾರೆ. ಅಲ್ಲಿ ಹೋವರ್ಡನ ಒಂದು ಒಳ್ಳೆ ಮಾತು ಬರುತ್ತದೆ: ನಾಗರಿಕರು ಕಾಡಿನವರಿಗಿಂತ ಜಾಸ್ತಿ ಒರಟಾಗಿ ಮಾತಾಡುತ್ತಾರೆ, ಯಾಕೆಂದರೆ ಮಾತಿಗೆ ಮಂಡೆ ಒಡೆಯುವುದಿಲ್ಲ ಅಂತ ಅವರಿಗೆ ಧೈರ್ಯ. ನಗುತ್ತಿದ್ದವನ ಮಂಡೆಯ ಧೈರ್ಯ ಅಲ್ಲಿಗೇ ಮುಗಿಯುತ್ತದೆ, ದೀಪ ಆರಿದ ಕತ್ತಲೆಯಲ್ಲಿ. ಆಮೇಲೆ ಗೋಪುರ ಹತ್ತುವುದು. ಜೊತೆಗೆ ಟಾರಸ್ ಅನ್ನುವ ಹೆಸರುವಾಸಿ ಕಳ್ಳ, ತೋಟದಲ್ಲಿ ಸಿಂಹಗಳು, ಕೊಳವೆಯಲ್ಲಿ ಊದಿದ ವಿಷದ ಪುಡಿ, ಸತ್ತ ಹೆಂಗಸರ ಕೂದಲಲ್ಲಿ ಹೆಣೆದ ಹಗ್ಗ, ಹಂದಿ ಗಾತ್ರದ ಜೇಡ. ಇಷ್ಟೂ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಯಾರು ಬಿಡಿಸಿದರೂ ಒಂದು ಮಟ್ಟಕ್ಕೆ ಚೆನ್ನಾಗಿಯೇ ಬರುತ್ತದೆ.

ಕಷ್ಟ ಇರುವುದು ಆಮೇಲೆ. ಕೋನನ್ ಬಾಗಿಲು ತೆರೆದು ಒಳಗೆ ಹೋದರೆ ಅಲ್ಲಿ ಒಂದು ವಿಗ್ರಹ. ಹಸಿರು ಮೈ, ಮನುಷ್ಯನ ಆಕಾರ, ಆನೆಯ ತಲೆ. ವಿಗ್ರಹ ಅಂತಲೇ ಅವನಿಗೆ ಅನಿಸುತ್ತದೆ. ಅದು ಅಲುಗಾಡುತ್ತದೆ. ಬೇರೆ ಲೋಕದಿಂದ ಎಷ್ಟೋ ಯುಗಗಳ ಹಿಂದೆ ಹಾರಿ ಬಂದ ಜೀವ ಅದು, ಹೆಸರು ಯಾಗ್-ಕೋಶ. ಯಾರಾ ಅದನ್ನು ನಂಬಿಸಿ ವಿದ್ಯೆ ಕಲಿತು, ಆಮೇಲೆ ಕುರುಡು ಮಾಡಿ, ಕೈಕಾಲು ಹಾಳು ಮಾಡಿ ಮುನ್ನೂರು ವರ್ಷ ಕೂಡಿಹಾಕಿ ಹಿಂಸೆ ಕೊಟ್ಟಿದ್ದಾನೆ. ಕುರುಡು ಕಣ್ಣಿಂದ ನೀರು. ಸೊಂಡಿಲು ಚಾಚಿ ಕೋನನ್‌ನ ಮುಖ, ಹೆಗಲು ಮುಟ್ಟಿ ಮುಟ್ಟಿ ನೋಡುತ್ತದೆ. ಮುಟ್ಟಿದ ಕೂಡಲೇ ಇವನು ತನ್ನನ್ನು ಕಾಡುವವನಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ಕೋನನ್‌ಗೆ ಮಾತೇ ಹೊರಡುವುದಿಲ್ಲ. ತಾನೇನೂ ಮಾಡದಿದ್ದರೂ ಮನುಷ್ಯ ಜಾತಿಯ ಪಾಪವೆಲ್ಲ ತನ್ನ ತಲೆಗೇ ಬಂದ ಹಾಗೆ ನಾಚಿಕೆ. ಕತ್ತಿ ಹಿಡಿದವನಿಗೆ ಇಲ್ಲಿ ಹೊಡೆಯಲಿಕ್ಕೆ ಶತ್ರು ಇಲ್ಲ. ಕೇಳುತ್ತಾ ನಿಲ್ಲಬೇಕು. ಕೊನೆಗೆ ಆ ಜೀವ ಬೇಡಿಕೊಂಡ ಪ್ರಕಾರ ಅದರ ಎದೆ ಸೀಳಿ, ಗುಂಡಿಗೆಯ ರಕ್ತವನ್ನು ರತ್ನದ ಮೇಲೆ ಹಿಂಡಿ, ಮಾಂತ್ರಿಕನಿಗೆ ಒಯ್ದು ಕೊಡಬೇಕು.

ಇದು ಪೂರಾ ಮಾತಿನ ಜಾಗ. ಆ ಜೀವ ತನ್ನ ಕತೆಯನ್ನು ತಾನೇ ಉದ್ದಕ್ಕೆ ಹೇಳುತ್ತದೆ. ಓದುವಾಗ ಮೈ ನವಿರೇಳುತ್ತದೆ. ಚಿತ್ರ ಮಾಡುವವನಿಗೆ ಇದು ತಲೆನೋವು, ಯಾಕೆಂದರೆ ಕೂತುಕೊಂಡು ಮಾತಾಡುವ ಒಂದು ಆನೆಮುಖ, ಎದುರಿಗೆ ನಿಂತ ಒಬ್ಬ ಹುಡುಗ, ಅಷ್ಟೇ ಇರುವುದು.

ಈ ಕತೆಯನ್ನು ಕಾಮಿಕ್ಸಿಗೆ ತಂದ ಮೂರು ರೂಪ ನಾನು ಪಕ್ಕ ಪಕ್ಕ ಇಟ್ಟು ಓದಿದೆ. ಮೊದಲನೆಯದು 1971ರದ್ದು, ಬಣ್ಣದ ಕಾಮಿಕ್ಸಿನ 4ನೇ ಸಂಚಿಕೆ, ಥಾಮಸ್ ಮತ್ತು ಬ್ಯಾರಿ ಸ್ಮಿತ್. ಎರಡನೆಯದು 1977ರದ್ದು, ಸ್ಯಾವೇಜ್ ಸೋರ್ಡ್ 24. ಬರೆದವನು ಅದೇ ಥಾಮಸ್, ಪೆನ್ಸಿಲಿನಲ್ಲಿ ಬಿಡಿಸಿದ್ದು ಜಾನ್ ಬುಸೆಮಾ, ಅದರ ಮೇಲೆ ಇಂಕ್ ಎಳೆದದ್ದು ಫಿಲಿಪ್ಪೀನ್ಸಿನ ಆಲ್ಫ್ರೆಡೊ ಅಲ್ಕಾಲಾ. ಮೂರನೆಯದು 2005ರದ್ದು, ಡಾರ್ಕ್ ಹಾರ್ಸಿನ ಹೊಸ ಸರಣಿಯ 20ರಿಂದ 22. ಕರ್ಟ್ ಬ್ಯೂಸಿಯೆಕ್ ಬರೆದು, ಕ್ಯಾರಿ ನಾರ್ಡ್ ಬಿಡಿಸಿದ್ದು.

ಸ್ಮಿತ್‌ನದ್ದಕ್ಕೆ ಅದರದೇ ಆದ ಅಂದ ಇದೆ, ಆದರೆ ಇಪ್ಪತ್ತು ಪುಟದಲ್ಲಿ ಇಷ್ಟೆಲ್ಲ ತುರುಕಿದರೆ ಏನಾಗಬೇಕೋ ಅದೇ ಆಗಿದೆ. ಯಾಗ್-ಕೋಶ ಬರುವ ಹೊತ್ತಿಗೆ ಪುಟ ಮುಗಿಯುತ್ತಾ ಬಂದಿರುತ್ತದೆ. ಯುಗಗಳ ಕತೆಯನ್ನು ಅವಸರದಲ್ಲಿ ಹೇಳಿ ಮುಗಿಸುತ್ತದೆ ಪಾಪ.

2005ರದ್ದು ತದ್ವಿರುದ್ಧ. ಮೂರು ಸಂಚಿಕೆಯ ಜಾಗ, ಆರಾಮ. ನಾರ್ಡ್‌ನ ಪೆನ್ಸಿಲ್ ಗೆರೆಗಳ ಮೇಲೆ ಇಂಕ್ ಇಲ್ಲ, ಡೇವ್ ಸ್ಟೀವರ್ಟ್ ನೇರವಾಗಿ ಬಣ್ಣ ಕೊಟ್ಟಿದ್ದಾನೆ. ಹಾಗಾಗಿ ಪೇಂಟಿಂಗ್ ನೋಡಿದ ಹಾಗೆ ಇರುತ್ತದೆ. ಪುಟದಲ್ಲಿ ಅಕ್ಷರದ ಭಾರವೂ ಕಡಿಮೆ. ಹೊಸಬರಿಗೆ ಇದನ್ನೇ ಮೊದಲು ಕೊಡಿ ಅಂತ ನಾನು ಹೇಳುತ್ತೇನೆ, ಸುಲಭವಾಗಿ ಓದಿಸಿಕೊಂಡು ಹೋಗುತ್ತದೆ. ಆದರೂ ಆ ಮೆತ್ತನೆಯ ಬಣ್ಣದಲ್ಲಿ ಏನೋ ಒಂದು ಕಳೆದುಹೋಗಿದೆ. ಕತ್ತಲೆಗೆ ಹೆದರಿಕೆ ಇಲ್ಲ.

1977ರದ್ದರಲ್ಲಿ ಹೆದರಿಕೆ ಇದೆ. ಅಲ್ಕಾಲಾ ಗೆರೆಯ ಮೇಲೆ ಗೆರೆ ಎಳೆಯುವವನು, ಬಿಳಿ ಜಾಗ ಕಂಡರೆ ಅವನಿಗೆ ಆಗುವುದಿಲ್ಲ. ಕಲ್ಲು, ಕಂಬಳಿ, ಹೊಗೆ, ಚರ್ಮ, ಎಲ್ಲ ಸಣ್ಣ ಸಣ್ಣ ಗೆರೆಗಳಲ್ಲೇ. ಬೇರೆ ಕತೆಗಳಲ್ಲಿ ಕೆಲವು ಸಲ ಇದು ಅತಿಯಾಗುತ್ತದೆ, ಬುಸೆಮಾನ ಚುರುಕಾದ ಮೈಕಟ್ಟು ಆ ಗೆರೆಗಳ ಅಡಿಯಲ್ಲಿ ಹೂತುಹೋಗುತ್ತದೆ. ಆದರೆ ಮುನ್ನೂರು ವರ್ಷ ನೋವು ತಿಂದ ಒಂದು ಮುದಿ ಜೀವವನ್ನು ಬಿಡಿಸಲಿಕ್ಕೆ ಅದೇ ಗೆರೆಗಳು ಬೇಕು. ಸೊಂಡಿಲಿನ ಸುಕ್ಕು ನೋಡಿ. ನಾವು ಆನೆಯನ್ನು ಸಿನಿಮಾದಲ್ಲಿ ನೋಡಿದವರಲ್ಲ, ಉತ್ಸವಕ್ಕೆ ಬಂದ ಆನೆಯ ಪಕ್ಕದಲ್ಲಿ ನಿಂತು ಅದರ ಸೊಂಡಿಲಿನ ಕೂದಲು ಎಣಿಸಿದವರು. ಆ ಒರಟು, ಆ ಒಣಗಿದ ಮಣ್ಣಿನ ಹಾಗಿನ ಚರ್ಮ ಈ ಪುಟಗಳಲ್ಲಿ ಸಿಗುತ್ತದೆ. ಹಸಿರು ಬಣ್ಣ ಇಲ್ಲ, ಅದೊಂದು ನಷ್ಟ ಹೌದು. ನನಗೆ ಅದರ ಕೊರತೆ ಕಾಣಲಿಲ್ಲ.

ಒಂದು ತಮಾಷೆ. ಮೂಲ ಕತೆಯಲ್ಲಿ ಕೋನನ್‌ಗೆ ಆನೆ ಅಂದರೆ ಏನು ಅಂತ ಸರಿಯಾಗಿ ಗೊತ್ತಿಲ್ಲ. ಅದಕ್ಕೆ ಹಿಂದೆ ಒಂದು, ಮುಂದೆ ಒಂದು ಬಾಲ ಇರುತ್ತದಂತೆ ಅಂತ ಒಂದು ಮಾತು ಬರುತ್ತದೆ. ಮಧೂರಿನ ಗಣಪತಿಗೆ ಕೈಮುಗಿದು ಬೆಳೆದವರು, ಆನೆ ಬೆನ್ನಿನ ಹಾಗೆ ಬಾಗಿದ ಗಜಪೃಷ್ಠದ ಆ ಮಾಡನ್ನು ದೂರದಿಂದಲೇ ಗುರುತು ಹಿಡಿಯುವವರು ಇದನ್ನು ಓದಿದರೆ ನಗು ಬಾರದೆ ಇರುತ್ತದಾ? ಟೆಕ್ಸಾಸಿನ ಓದುಗನಿಗೆ ಆನೆಮುಖದ ದೇವರು ವಿಚಿತ್ರ, ಹೆದರಿಕೆ. ನಮಗೆ ಆ ಬಾಗಿಲು ತೆರೆದ ಕೂಡಲೇ ಹೆದರಿಕೆಯ ಬದಲು ಅಯ್ಯೋ ಅನಿಸುತ್ತದೆ, ನಮ್ಮವರನ್ನೇ ಯಾರೋ ಕಟ್ಟಿಹಾಕಿದ ಹಾಗೆ. ಕತೆ ಕೊನೆಗೆ ಮುಟ್ಟಬೇಕಾದ ಜಾಗಕ್ಕೆ ನಾವು ಎರಡು ಪುಟ ಮೊದಲೇ ಮುಟ್ಟಿರುತ್ತೇವೆ.

ಈಗ ನನ್ನ ದೊಡ್ಡ ತಕರಾರು. ಥಾಮಸ್‌ಗೆ ಹೋವರ್ಡನ ಗದ್ಯದ ಮೇಲೆ ಭಾರಿ ಭಕ್ತಿ. ಎಷ್ಟು ಭಕ್ತಿ ಅಂದರೆ ಮೂಲದ ವಾಕ್ಯಗಳನ್ನು ಎತ್ತಿ ಎತ್ತಿ ಪ್ರತಿಯೊಂದು ಚೌಕದ ಮೇಲೆ ಇಡುತ್ತಾನೆ. ಅಕ್ಷರ ಸಣ್ಣ, ಡಬ್ಬಿ ದೊಡ್ಡ. ಕೆಲವು ಪುಟಗಳಲ್ಲಿ ಚಿತ್ರ ನೋಡಬೇಕಾದರೆ ಅಕ್ಷರಗಳನ್ನು ಆಚೆ ಸರಿಸಬೇಕು ಅನಿಸುತ್ತದೆ. ನಮ್ಮ ದೊಡ್ಡಪ್ಪ ತಾಳಮದ್ದಳೆ, ಯಕ್ಷಗಾನ ಎರಡರಲ್ಲೂ ಅರ್ಥ ಹೇಳಿದವರು. ಒಂದು ಸಂಜೆ ಜಗಲಿಯಲ್ಲಿ ಈ ಪುಸ್ತಕ ತೆಗೆದು ಕನ್ನಡಕ ಏರಿಸಿ ನೋಡಿದರು. ಒಂದು ಕಾಳಗದ ಪುಟ. ಅವರು ಕೇಳಿದ್ದು ಇಷ್ಟೇ: “ಅಲ್ಲ ಮಾರಾಯ, ಇವ ಕತ್ತಿ ಬೀಸಿದ್ದು ಚಿತ್ರದಲ್ಲೇ ಕಾಣ್ತದೆ. ಮೇಲೆ ಪುನಃ ಅವ ಕತ್ತಿ ಬೀಸಿದ ಅಂತ ಬರೆದದ್ದು ಎಂತಕ್ಕೆ? ವೇಷದವ ಕುಣಿದು ಮುಗಿಸಿ, ಮತ್ತೆ ಅರ್ಥದಲ್ಲಿ ನಾನು ಈಗ ಕುಣಿದೆ ಅಂತ ಹೇಳಿದರೆ ಸಭೆ ಕೂರ್ತದಾ?”

ನಾನು ಎಷ್ಟು ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲಿಕ್ಕೆ ಆಗುವುದಿಲ್ಲ. ಪದ್ಯದಲ್ಲಿ ಭಾಗವತರು ಹೇಳಿದ್ದನ್ನು ಅರ್ಥಧಾರಿ ಹಾಗೇ ಒಪ್ಪಿಸಿದರೆ ಅದು ಅರ್ಥವೇ ಅಲ್ಲ. ಪದ್ಯ ಬಿಟ್ಟದ್ದನ್ನು ಹಿಡಿದು ಮಾತಾಡಬೇಕು. ಕಾಮಿಕ್ಸಿನಲ್ಲೂ ಚಿತ್ರ ಬಿಟ್ಟದ್ದನ್ನು ಹೇಳಲಿಕ್ಕೆ ಮಾತು ಇರಬೇಕು. ಹೆಂಡದಂಗಡಿಯ ವಾಸನೆ, ಕೋನನ್‌ನ ಒಳಗಿನ ನಾಚಿಕೆ, ಆ ಸೊಂಡಿಲು ಮುಟ್ಟಿದಾಗ ಎಷ್ಟು ಹಗುರ ಇತ್ತು ಅನ್ನುವುದು, ಇವಕ್ಕೆ ಹೋವರ್ಡನ ವಾಕ್ಯ ಬೇಕೇ ಬೇಕು, ಅಲ್ಲಿ ಥಾಮಸ್ ಇಟ್ಟದ್ದು ಸರಿ. ಕತ್ತಿ ಬೀಸಿದ್ದಕ್ಕೆ ಬೇಡ. ಬ್ಯೂಸಿಯೆಕ್ ಇದನ್ನು ಥಾಮಸ್‌ಗಿಂತ ಚೆನ್ನಾಗಿ ಅರಿತವನು, ಆದರೆ ಅವನ ಪಕ್ಕದಲ್ಲಿ ಅಲ್ಕಾಲಾ ಇರಲಿಲ್ಲ. ಇದಕ್ಕೇ ನನಗೆ ಹೊಟ್ಟೆ ಉರಿಯುವುದು.

ಇನ್ನು ‘ಬ್ಲ್ಯಾಕ್ ಸರ್ಕಲ್’. ಹೋವರ್ಡ್ 1934ರಲ್ಲಿ ಮೂರು ಕಂತುಗಳಲ್ಲಿ ಬರೆದ ನೀಳ್ಗತೆ. ಥಾಮಸ್, ಬುಸೆಮಾ, ಅಲ್ಕಾಲಾ ಸೇರಿ 16ರಿಂದ 19ರವರೆಗೆ ನಾಲ್ಕು ಸಂಚಿಕೆಯಲ್ಲಿ ಚಿತ್ರಕ್ಕೆ ತಂದರು, 1976-77ರಲ್ಲಿ. ಇದು ನಡೆಯುವುದು ವೆಂಧ್ಯ ಅನ್ನುವ ದೇಶದಲ್ಲಿ. ಹೆಸರು ನೋಡಿದರೇ ಗೊತ್ತಾಗುತ್ತದಲ್ಲ, ನಮ್ಮದೇ. ರಾಜಧಾನಿ ಅಯೋಧ್ಯಾ, ಉತ್ತರಕ್ಕೆ ಹಿಮೇಲಿಯನ್ ಪರ್ವತ, ರಾಜನ ಹೆಸರು ಬುಂದಾ ಚಂದ್, ತಂಗಿ ಯಾಸ್ಮಿನಾ ದೇವಿ. ಭಾರತ ನೋಡದವನು ಪುಸ್ತಕ, ಪತ್ರಿಕೆ ಓದಿ ಕಲಸಿದ ಚಿತ್ರಾನ್ನ. ಅಟ್ಲಾಸ್ ಹಿಡಿದು ಜಗಳ ಮಾಡಲಿಕ್ಕೆ ಕೂತರೆ ಮುಗಿಯುವುದಿಲ್ಲ, ಸುಮ್ನೆ ನಕ್ಕು ಮುಂದೆ ಹೋಗಿ.

ಯಾಕೆಂದರೆ ಕತೆ ಪ್ರಚಂಡವಾಗಿದೆ. ಮೊದಲ ದೃಶ್ಯವೇ ನೋಡಿ. ಮಾಂತ್ರಿಕರು ದೂರದಲ್ಲಿ ಕೂತು ರಾಜನ ಜೀವ ಎಳೆಯುತ್ತಿದ್ದಾರೆ, ಆತ್ಮ ಅವರ ಕೈಗೆ ಸಿಕ್ಕಿದರೆ ಶಾಶ್ವತ ಗುಲಾಮಗಿರಿ. ತನ್ನನ್ನು ಕೊಂದುಬಿಡು ಅಂತ ಅವನು ತಂಗಿಯಲ್ಲಿ ಬೇಡುತ್ತಾನೆ. ಅವಳು ಅಳುತ್ತಾ ಕಠಾರಿ ಇಳಿಸುತ್ತಾಳೆ. ಸೇಡಿಗೆ ಹೊರಟ ಯಾಸ್ಮಿನಾ ಮತ್ತು ಬೆಟ್ಟದ ಅಫ್ಗುಲಿಗಳ ನಾಯಕ ಕೋನನ್ ಒಬ್ಬರನ್ನೊಬ್ಬರು ಬಳಸಿಕೊಳ್ಳಲಿಕ್ಕೆ ನೋಡುತ್ತಾರೆ. ಹೋವರ್ಡನ ಬೇರೆ ಕತೆಗಳ ಹೆಂಗಸರ ಹಾಗೆ ಇವಳು ಬರೇ ಕಿರುಚಲಿಕ್ಕೆ ಇರುವವಳಲ್ಲ. ರಾಜ್ಯ ಇರುವವಳು, ರಾಜ್ಯದ ಲೆಕ್ಕದಲ್ಲೇ ಯೋಚಿಸುವವಳು. ಕೊನೆಯಲ್ಲಿ ಇಬ್ಬರೂ ಅವರವರ ಜನರ ಕಡೆಗೆ ಹೋಗುತ್ತಾರೆ. ಇದರಲ್ಲಿ ನನಗೆ ಇನ್ನೂ ಹಿಡಿಸುವ ಪಾತ್ರ ಖೇಂಸಾ. ಮಾಂತ್ರಿಕರ ಶಿಷ್ಯ, ಅರಮನೆಯ ದಾಸಿ ಗೀತಾರಾಳ ಮೇಲಿನ ಆಸೆಗೆ ಗುರುಗಳನ್ನೇ ಬಿಟ್ಟು ಹೊರಟವನು. ಬೆಟ್ಟದ ದಾರಿಯಲ್ಲಿ ನಾಲ್ವರು ಮಾಂತ್ರಿಕರು ಅವನ ಎದುರು ಬಂದು ನಿಲ್ಲುತ್ತಾರೆ. ಕತ್ತಿ ಇಲ್ಲ, ಬೆಂಕಿ ಇಲ್ಲ, ದೃಷ್ಟಿಗೆ ದೃಷ್ಟಿ. ಮನಸ್ಸಿನ ಕಾಳಗ. ಪುಸ್ತಕದಲ್ಲಿ ಓದಲಿಕ್ಕೆ ಅದ್ಭುತ, ಬಿಡಿಸಲಿಕ್ಕೆ ಏನೂ ಇಲ್ಲ. ಬುಸೆಮಾ ಇಲ್ಲಿ ಗೆಲ್ಲುವುದು ಮುಖಗಳಿಂದ, ನಿಂತ ಭಂಗಿಗಳಿಂದ. ದೊಡ್ಡ ಪುಟ ಇದ್ದದ್ದಕ್ಕೆ ಇದು ಸಾಧ್ಯ ಆಯಿತು ಅಂತ ನನ್ನ ಲೆಕ್ಕ.

ಇಷ್ಟವಾಗದ್ದನ್ನೂ ಹೇಳಬೇಕಲ್ಲ. ಇವು 1930ರ ದಶಕದ ಅಮೆರಿಕದ ಕತೆಗಳು. ಕಪ್ಪು ಜನರ ಬಗ್ಗೆ, ಬೇರೆ ದೇಶದವರ ಬಗ್ಗೆ ಹೋವರ್ಡ್ ಬರೆದದ್ದರಲ್ಲಿ ಓದಲಿಕ್ಕೇ ಹೇಸಿಗೆ ಆಗುವ ಜಾಗಗಳಿವೆ. ಎಪ್ಪತ್ತರ ದಶಕದ ಚಿತ್ರಗಳಲ್ಲಿ ಹೆಂಗಸರ ಮೈಮೇಲೆ ಬಟ್ಟೆ ಇರುವುದು ಲೆಕ್ಕಕ್ಕೆ ಮಾತ್ರ, ಹಿಮದ ಬೆಟ್ಟದಲ್ಲೂ ಅಷ್ಟೇ. ಚಳಿ ಆಗುವುದಿಲ್ವಾ ಅಂತ ಕೇಳಬೇಕು ಅನಿಸುತ್ತದೆ. ಮಕ್ಕಳ ಕೈಗೆ ಕೊಡುವ ಪುಸ್ತಕ ಅಲ್ಲವೇ ಅಲ್ಲ. ಡಿಂಗ ಓದಿದ ನೆನಪಲ್ಲಿ ಮನೆಯ ಹುಡುಗರಿಗೆ ಉಡುಗೊರೆ ಕೊಡಲಿಕ್ಕೆ ಹೋಗಬೇಡಿ, ಆಮೇಲೆ ಅಕ್ಕನ ಕೈಯಲ್ಲಿ ಬೈಸಿಕೊಳ್ಳುವುದು ನೀವೇ.

ಪುಸ್ತಕದ ಮೈ ಬಗ್ಗೆ. ಕಾಗದ ತೆಳು, ಸ್ವಲ್ಪ ಹಳದಿ. ಈ ಚಿತ್ರಗಳಿಗೆ ಅದು ಒಪ್ಪುತ್ತದೆ, ಹೊಳೆಯುವ ಕಾಗದದಲ್ಲಿ ಅಲ್ಕಾಲಾನ ಗೆರೆಗಳು ಕಣ್ಣಿಗೆ ಚುಚ್ಚುತ್ತವೆ. ಅಳತೆ ಮಾತ್ರ ಮೂಲ ಮ್ಯಾಗಜಿನ್‌ಗಿಂತ ಸಣ್ಣದು. ಅಕ್ಷರ ಓದಲಿಕ್ಕೆ ನನ್ನ ಪ್ರಾಯದವರಿಗೆ ಬೆಳಕು ಚೆನ್ನಾಗಿರಬೇಕು. ಅಂಟಿನ ಬೈಂಡಿಂಗ್ ದೊಡ್ಡ ಸಮಸ್ಯೆ: ಐನೂರು ಪುಟವನ್ನು ಪೂರ್ತಿ ಬಿಡಿಸಿದರೆ ಬೆನ್ನು ಬಿರಿಯುತ್ತದೆ, ಬಿಡಿಸದಿದ್ದರೆ ನಡುವಿನ ಚಿತ್ರ ಮಡಿಕೆಯೊಳಗೆ ಹೋಗುತ್ತದೆ. ನಮ್ಮ ಮಳೆಗಾಲದ ಮಾತು ಹೇಳುವುದೇ ಬೇಡ. ಜೂನಿನಿಂದ ಬೂಷ್ಟು ಶುರು. ಕಪಾಟಿನಲ್ಲಿ ಗಾಳಿ ಆಡುವ ಹಾಗೆ ಬಿಡಿಬಿಡಿಯಾಗಿ ನಿಲ್ಲಿಸಿ, ಬಿಸಿಲು ಬಂದ ದಿನ ಹೊರಗೆ ತೆಗೆದು ನೆರಳಲ್ಲಿ ಇಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಇಟ್ಟರೆ ಒಳಗೇ ಬೆವರಿ ಇನ್ನೂ ಕೆಡುತ್ತದೆ.

ಇದು ಈಗ ಹೊಸದಾಗಿ ಅಚ್ಚಾಗುತ್ತಿಲ್ಲ, ಹಳೇ ಪ್ರತಿಯನ್ನೇ ಹುಡುಕಬೇಕು. ನಾನು ತರಿಸಿದ ಆನ್‌ಲೈನ್ ಮಾರಾಟಗಾರರು ‘ಹೊಸದರ ಹಾಗೆ ಇದೆ’ ಅಂತ ಬರೆದಿದ್ದರು. ಬಂದದ್ದರಲ್ಲಿ ಬೆನ್ನು ಅರ್ಧ ಬಿಟ್ಟಿತ್ತು. ಫೋಟೋ ಕಳಿಸಿ ಕೇಳಿದರೆ ‘ಓದಲು ತೊಂದರೆ ಇಲ್ಲವಲ್ಲ’ ಅಂತ ಉತ್ತರ. ಕೊರಿಯರಿನವರು ಮನೆವರೆಗೆ ಬಾರದೆ ಪೇಟೆಯ ಅಂಗಡಿಯಲ್ಲಿ ಇಟ್ಟು ಹೋಗಿದ್ದರು. ಪುಣ್ಯಕ್ಕೆ ಅಂಗಡಿಯ ಚೇಟ್ಟ ಅಕ್ಕಿ ಗೋಣಿಯ ಮೇಲೆ ಎತ್ತಿಟ್ಟಿದ್ದರು, ಇಲ್ಲದಿದ್ದರೆ ಮಳೆನೀರಿಗೆ ಹೋಗುತ್ತಿತ್ತು. ಆರ್ಡರ್ ಮಾಡುವ ಮೊದಲು ಬೆನ್ನಿನ ಫೋಟೋ ಕೇಳಿ, ಕೊಡದವರಿಂದ ತೆಗೆದುಕೊಳ್ಳಬೇಡಿ. ಕೋನನ್ ಹಕ್ಕು 2019ರಲ್ಲಿ ಪುನಃ ಮಾರ್ವೆಲ್‌ಗೆ ಹೋಗಿ, 2023ರಿಂದ ಟೈಟನ್ ಕಾಮಿಕ್ಸ್ ಹೊಸ ಸರಣಿ ತರುತ್ತಿದೆ. ಸ್ಯಾವೇಜ್ ಸೋರ್ಡಿನ ಹಳೇ ಸಂಚಿಕೆಗಳು ಗಟ್ಟಿ ರಟ್ಟಿನ ಆಮ್ನಿಬಸ್ ಆಗಿಯೂ ಬಂದಿವೆ. ಅಂದವಾಗಿವೆ, ದೊಡ್ಡದಾಗಿವೆ, ಬೆಲೆ ಕೇಳಿದರೆ ಅಡಿಕೆ ರೇಟು ನೋಡಿಕೊಂಡು ನಿರ್ಧಾರ ಮಾಡಬೇಕು.

ಕೋನನ್ ಬೇಡ, ಆದರೆ ಇದೇ ಬಗೆ ಬೇಕು ಅನ್ನುವವರಿಗೆ ಒಂದು ಪುಸ್ತಕ ಹೇಳುತ್ತೇನೆ. ಮೇಲೆ ಹೇಳಿದ ಲೈಬರ್‌ನ ಇಬ್ಬರು ಕಳ್ಳರು, ಫಾಫರ್ಡ್ ಮತ್ತು ಗ್ರೇ ಮೌಸರ್, ಇವರ ಕತೆಗಳನ್ನು 1990-91ರಲ್ಲಿ ಹೋವರ್ಡ್ ಚೈಕಿನ್ ಬರೆದು ಮೈಕ್ ಮಿನ್ಯೋಲಾ ಬಿಡಿಸಿದ ನಾಲ್ಕು ಸಂಚಿಕೆಯ ಸರಣಿ. ಈಚೆಗೆ ಒಂದೇ ಪುಸ್ತಕವಾಗಿ ಸಿಗುತ್ತದೆ. ಲೈಬರ್‌ನ ಕತೆಯಲ್ಲಿ ಮಾತು ಜಾಸ್ತಿ, ಚುಡಾಯಿಸುವುದು ಜಾಸ್ತಿ, ಚೈಕಿನ್ ಆ ಮಾತನ್ನು ಪಾತ್ರಗಳ ಬಾಯಲ್ಲೇ ಬಿಟ್ಟು ವಿವರಣೆ ಕಡಿಮೆ ಮಾಡಿದ್ದಾನೆ. ಮಿನ್ಯೋಲಾ ಅಲ್ಕಾಲಾಗೆ ಪೂರ್ತಿ ವಿರುದ್ಧ, ನೂರು ಗೆರೆಯ ಜಾಗದಲ್ಲಿ ಒಂದು ಕಪ್ಪು ನೆರಳು ಹಾಕಿ ಸುಮ್ಮನಾಗುತ್ತಾನೆ. ನಮ್ಮ ದೊಡ್ಡಪ್ಪನಿಗೆ ಇದನ್ನು ಇನ್ನೂ ತೋರಿಸಿಲ್ಲ.

ಕೊನೆಗೊಂದು ಆಸೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತು 60 ವರ್ಷದವರೆಗೆ ಕಾಪಿರೈಟ್. ಹೋವರ್ಡ್ ಹೋದದ್ದು 1936ರಲ್ಲಿ, ಹಾಗಾಗಿ ಅವನ ಬದುಕಿನ ಕಾಲದಲ್ಲಿ ಅಚ್ಚಾದ ಕತೆಗಳು ಈಗ ಇಲ್ಲಿ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಹೊಸದಾಗಿ ಚಿತ್ರ ಬಿಡಿಸಿ ಕಾಮಿಕ್ಸೂ ಮಾಡಬಹುದು. ಮಾರ್ವೆಲ್‌ನವರ ಚಿತ್ರ ಮುಟ್ಟುವ ಹಾಗಿಲ್ಲ, ಕೋನನ್ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಇರುವುದರಿಂದ ಮುಖಪುಟಕ್ಕೆ ಬೇರೆ ಹೆಸರು ಹುಡುಕಬೇಕಾದೀತು, ಅದನ್ನು ವಕೀಲರಲ್ಲಿ ಕೇಳಿ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಮುಖದಲ್ಲಿ ಚುಟ್ಟಿ ಇಡುವುದನ್ನು ಚೌಕಿಯಲ್ಲಿ ಕೂತು ನೋಡಿದ ಯಾರಾದರೂ ಆ ಮಾಂತ್ರಿಕ ಯಾರಾನನ್ನು ಬಿಡಿಸಬೇಕು, ಅದನ್ನು ನಾನು ಮೊದಲ ದಿನವೇ ಕೊಳ್ಳುತ್ತೇನೆ. ಅಲ್ಲಿಯವರೆಗೆ ಈ ಸಂಪುಟಕ್ಕೆ ನನ್ನಿಂದ ಐದರಲ್ಲಿ ನಾಲ್ಕು. ಒಂದು ಅಂಕ ಕಳೆದದ್ದು ಬೈಂಡಿಂಗಿಗೆ ಮತ್ತು ಕತ್ತಿ ಬೀಸಿದ ಅಂತ ಬರೆದದ್ದಕ್ಕೆ. ಓದುವಾಗ ಕೊನೆಯ ಕತೆಯಿಂದ ಶುರು ಮಾಡಿ, ಆಮೇಲೆ 16ಕ್ಕೆ ಹೋಗಿ, ಉಳಿದದ್ದು ಮಳೆ ಬಿಡದ ದಿನಗಳಿಗೆ ಇರಲಿ.